ಮುನಿರಾಜು ಮನೆಯ ಮುಂದಿನ ರಸ್ತೆ

ತೊಂಬತ್ತಾರನೆಯ ಇಸವಿ. ರಾಜಾಜಿನಗರದ ಒಂದು ಮಹಡಿ ಮನೆಯಲ್ಲಿ ನಡೆಯುತ್ತಿದ್ದ ಸಣ್ಣ ಸಲಹಾ ಸಂಸ್ಥೆಯಲ್ಲಿ ನಾನು ಟ್ರಾಫಿಕ್ ಎಂಜಿನಿಯರ್ ಆಗಿದ್ದೆ. ದಾವಣಗೆರೆಯಲ್ಲಿ ಸಿವಿಲ್ ಓದಿ, ಮದುವೆಯಾಗಿ ಬೆಂಗಳೂರಿಗೆ ಬಂದು, ವಿಜಯನಗರದ ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಹೂಡಿದ್ದೆ. ಏನು ಕೆಲಸ ಎಂದು ಕೇಳಿದವರಿಗೆ ಟ್ರಾಫಿಕ್ ಎಂದರೆ, ಪೊಲೀಸ್ ಇಲಾಖೆಯಾ ಎಂದು ಮರುಪ್ರಶ್ನೆ ಬರುತ್ತಿತ್ತು. ಅಲ್ಲ, ರಸ್ತೆ ಯಾಕೆ ಕಟ್ಟಿಕೊಳ್ಳುತ್ತದೆ ಎಂದು ಲೆಕ್ಕ ಹಾಕುವವಳು ಎಂದು ವಿವರಿಸುವಷ್ಟರಲ್ಲಿ ಕೇಳಿದವರ ಆಸಕ್ತಿ ಮುಗಿದಿರುತ್ತಿತ್ತು.

ಆ ಸಂಸ್ಥೆಯನ್ನು ಕಟ್ಟಿದವರು ಹಿರೇಮಠ ಸಾರ್. ಗದಗದ ಕಡೆಯವರು. ಸರ್ಕಾರಿ ಸೇವೆಯಲ್ಲಿದ್ದಾಗ ಉತ್ತರ ಕರ್ನಾಟಕದ ತುಂಬಾ ರಸ್ತೆ ಹಾಕಿಸಿ, ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾರದೆ ಈ ಉಸಾಬರಿಗೆ ಇಳಿದಿದ್ದರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಕೈಯಲ್ಲಿ ಸದಾ ಒಂದು ಅಳತೆಯ ಟೇಪು. ನನ್ನನ್ನು ಮೊದಲ ದಿನದಿಂದಲೂ ತಂಗಿ ಎಂದೇ ಕರೆದವರು. ಕಂಪ್ಯೂಟರನ್ನು ಅವರು ಮುಟ್ಟುತ್ತಿರಲಿಲ್ಲ. ಆದರೆ ಅದರ ಮುಂದೆ ಕೂತವರ ಬೆನ್ನ ಹಿಂದೆ ನಿಂತು ಗಂಟೆಗಟ್ಟಲೆ ನೋಡುತ್ತಿದ್ದರು.

ಕಂಪ್ಯೂಟರಿನ ಮುಂದೆ ಕೂರುತ್ತಿದ್ದವನು ಮುನಿರಾಜು. ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಪೀಣ್ಯದ ಹಳೆಯ ಊರಿನವನು. ಕೈಗಾರಿಕಾ ಪ್ರದೇಶ ಬರುವುದಕ್ಕೆ ಎಷ್ಟೋ ತಲೆಮಾರು ಮೊದಲಿನಿಂದ ಅವನ ಮನೆತನ ಅಲ್ಲಿತ್ತು. ಹೊಲಗಳು ಕಾರ್ಖಾನೆಗಳಾದ ಮೇಲೆ ಆ ಕುಟುಂಬದಲ್ಲಿ ಒಬ್ಬರು ಲಾರಿ ಓಡಿಸಿದರು, ಒಬ್ಬರು ಲೇತ್ ಯಂತ್ರದ ಟರ್ನರ್ ಆದರು, ಇವನು ಪ್ರೋಗ್ರಾಮರ್ ಆದ. ಮಾತು ಕಡಿಮೆ. ನಗು ಬಂದರೆ ಮುಖವನ್ನು ಮಾನಿಟರ್ ಹಿಂದೆ ಅಡಗಿಸಿಕೊಳ್ಳುತ್ತಿದ್ದ. ನಾವು ಮೂವರಲ್ಲದೆ ಆ ಆಫೀಸಿನಲ್ಲಿ ಟೈಪಿಸ್ಟ್ ಒಬ್ಬರು, ನಕ್ಷೆ ಬಿಡಿಸುವವರು ಒಬ್ಬರು. ಅಷ್ಟೇ.

ನಮ್ಮ ಕೆಲಸವನ್ನು ಸಿಮ್ಯುಲೇಶನ್ ಎನ್ನುತ್ತಾರೆ. ಸುಲಭವಾಗಿ ಹೇಳಬೇಕೆಂದರೆ, ಒಂದು ರಸ್ತೆಯ ನಕಲನ್ನು ಕಂಪ್ಯೂಟರಿನೊಳಗೆ ಕಟ್ಟುವುದು. ರಸ್ತೆಯ ಅಗಲ, ತಿರುವು, ವಾಹನಗಳ ಉದ್ದ, ಅವು ಹೊರಡಲು ಹಿಡಿಯುವ ಸಮಯ, ಒಂದರ ಹಿಂದೆ ಒಂದು ಬಿಡುವ ಅಂತರ ಇವನ್ನೆಲ್ಲ ತುಂಬಿ ಓಡಿಸಿದರೆ ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಹರಿಯತೊಡಗುತ್ತವೆ. ಯಾವ ವಾಹನ ಯಾವಾಗ ಬರುತ್ತದೆ ಎನ್ನುವುದನ್ನು ಕಂಪ್ಯೂಟರ್ ಪಗಡೆಯ ದಾಳ ಹಾಕಿದಂತೆ ತಾನೇ ಆರಿಸಿಕೊಳ್ಳುತ್ತದೆ. ಹಾಗಾಗಿ ಪ್ರತಿ ಸಲ ಓಡಿಸಿದಾಗಲೂ ಒಂದು ಬೇರೆಯೇ ಬೆಳಗು. ನಿಜವಾದ ರಸ್ತೆಯನ್ನು ಅಗೆದು ಆಮೇಲೆ ತಪ್ಪಾಯಿತು ಎನ್ನುವ ಬದಲು, ಇಲ್ಲಿ ಹತ್ತಾರು ಬೆಳಗು ಓಡಿಸಿ ನೋಡಿ ತೀರ್ಮಾನಿಸಬಹುದು. ಆ ಕಾಲಕ್ಕೆ ಬೆಂಗಳೂರಿನಲ್ಲಿ ಇದು ಹೊಸದು. ಎಷ್ಟೋ ಅಧಿಕಾರಿಗಳು ಇದನ್ನು ವಿಡಿಯೋ ಗೇಮ್ ಎಂದೇ ಭಾವಿಸಿದ್ದರು.

ಆ ವರ್ಷ ನಮಗೆ ಬಂದ ಕೆಲಸ ಪೀಣ್ಯದ್ದು. ಹೆದ್ದಾರಿಯಿಂದ ಕೈಗಾರಿಕಾ ಪ್ರದೇಶದ ಒಳಕ್ಕೆ ತಿರುಗುವ ಒಂದು ರಸ್ತೆ ದಿನಾ ಬೆಳಿಗ್ಗೆ ಕಟ್ಟಿಕೊಳ್ಳುತ್ತಿತ್ತು. ಎಂಟು ಗಂಟೆಗೆ ಎಲ್ಲ ಕಾರ್ಖಾನೆಗಳ ಸೈರನ್ನೂ ಒಟ್ಟಿಗೆ ಕೂಗುತ್ತಿದ್ದವು. ಅದಕ್ಕೆ ಸ್ವಲ್ಪ ಮೊದಲು ಸಿಟಿ ಬಸ್ಸು, ಕಾರ್ಖಾನೆಯ ಬಸ್ಸು, ಕಬ್ಬಿಣದ ಲಾರಿ, ಲೂನಾ, ಸೈಕಲ್ಲು, ಜೊತೆಗೆ ರಾಜಗೋಪಾಲನಗರದ ಕಡೆಯಿಂದ ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಎಲ್ಲರೂ ಅದೇ ರಸ್ತೆಗೆ ನುಗ್ಗುತ್ತಿದ್ದರು. ಇಲಾಖೆಯವರ ಯೋಜನೆ ಸರಳವಾಗಿತ್ತು: ರಸ್ತೆಯ ಅಗಲ ಹೆಚ್ಚಿಸುವುದು, ಅದಕ್ಕಾಗಿ ಎರಡೂ ಬದಿಯ ಮನೆ ಅಂಗಡಿಗಳನ್ನು ತೆಗೆಯುವುದು. ಅಗಲ ಮಾಡಿದರೆ ಎಷ್ಟು ಅನುಕೂಲವಾಗುತ್ತದೆ ಎಂದು ನಾವು ಲೆಕ್ಕ ಹಾಕಿ ಹೇಳಬೇಕಿತ್ತು.

ಮೊದಲ ದಿನ ಜಾಗ ನೋಡಲು ಮೂವರೂ ಹೋದೆವು. ಹಿರೇಮಠ ಸಾರ್ ನಕ್ಷೆ ಬಿಡಿಸಿ, ಯಾವ ಯಾವ ಕಟ್ಟಡ ಹೋಗುತ್ತದೆ ಎಂದು ಒಂದೊಂದನ್ನೇ ಗುರುತಿಸುತ್ತಿದ್ದರು. ಕಲ್ಲುಚಪ್ಪಡಿಯ ಬೇಲಿ, ಒಳಗೆ ವಿಶಾಲವಾದ ಅಂಗಳ, ಹೊಂಗೆ ಮರ, ಹೆಂಚಿನ ಮನೆ. ಅಲ್ಲಿಗೆ ಬಂದಾಗ ಮುನಿರಾಜು ನಿಂತುಬಿಟ್ಟ.

"ಸಾರ್, ಇದು ನಮ್ಮನೆ. ಈ ಕೆಲಸದಿಂದ ನನ್ನ ತೆಗೆದ್ಬಿಡಿ" ಎಂದ.

ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ. ಅವನು ಊರಿನ ಹೆಸರು ಹೇಳಿದ್ದನೇ ಹೊರತು ಮನೆ ಎಲ್ಲಿ ಎಂದು ನಾವು ಕೇಳಿರಲಿಲ್ಲ. ಹಿರೇಮಠ ಸಾರ್ ನಕ್ಷೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಅವನನ್ನು ಬಿಟ್ಟರೆ ಆ ಪ್ರೋಗ್ರಾಂ ಬರೆಯುವವರು ಆಫೀಸಿನಲ್ಲಿ ಯಾರೂ ಇರಲಿಲ್ಲ, ಅದು ಮೂವರಿಗೂ ಗೊತ್ತಿತ್ತು. ಕೊನೆಗೆ ಅವರು ಹೇಳಿದರು: "ನಿಮ್ಮ ಮನಿ ಅಂತ ನೀನ ಬಾಯಿಬಿಟ್ಟು ಹೇಳೀದಿ. ಅಲ್ಲಿಗೆ ಆತು. ಪ್ರೋಗ್ರಾಂ ನೀ ಬರಿ. ಅದಕ್ಕ ಹಾಕೂ ಅಳತಿ ಎಲ್ಲಾ ಈ ತಂಗಿ ನೋಡಲಿ."

ಹೀಗೆ ಶುರುವಾಯಿತು. ಮೊದಲಿಗೆ ನಾವು ಹೊರದೇಶದಿಂದ ತರಿಸಿದ ಒಂದು ಸಾಫ್ಟ್‌ವೇರ್ ಬಳಸಿ ನೋಡಿದೆವು. ಅದರಲ್ಲಿ ವಾಹನಗಳು ಗೆರೆಯೊಳಗೆ ಒಂದರ ಹಿಂದೆ ಒಂದು ಶಿಸ್ತಾಗಿ ಹೋಗುತ್ತಿದ್ದವು. ನಮ್ಮ ರಸ್ತೆಯ ಅಂಕಿಗಳನ್ನು ತುಂಬಿದಾಗ ಸ್ಕೂಟರೊಂದು ಇಡೀ ಲಾರಿಯಷ್ಟು ಜಾಗ ಹಿಡಿದು ಗಂಭೀರವಾಗಿ ಸಾಗುತ್ತಿತ್ತು. ಎರಡು ಬಸ್ಸಿನ ನಡುವೆ ತೂರುವ ಲೂನಾ, ಪಕ್ಕದ ಮಣ್ಣಿಗಿಳಿದು ಮುಂದೆ ಬರುವ ಆಟೋ, ಕೈ ಅಡ್ಡ ಹಿಡಿದು ರಸ್ತೆ ದಾಟುವ ಜನ ಇವು ಯಾವುದಕ್ಕೂ ಅಲ್ಲಿ ಜಾಗವೇ ಇರಲಿಲ್ಲ. ಇಂಥ ರಸ್ತೆ ಎಲ್ಲೈತ್ಯೋ, ಅಲ್ಲಿಗೇ ಹೋಗಿ ಇರೂಣು ಎಂದು ಹಿರೇಮಠ ಸಾರ್ ನಿಟ್ಟುಸಿರು ಬಿಟ್ಟರು.

ಮುನಿರಾಜು ತಾನೇ ಬರೆಯುತ್ತೇನೆ ಎಂದ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಗೆರೆಗಳೇ ಇಲ್ಲದ ರಸ್ತೆಯೊಂದನ್ನು. ಅವನ ರಸ್ತೆಯಲ್ಲಿ ಪ್ರತಿ ವಾಹನವೂ ಮುಂದೆ ಮಾತ್ರವಲ್ಲ, ಎಡಬಲಕ್ಕೂ ನೋಡಿ, ಸಂದು ಸಿಕ್ಕಿದರೆ ತೂರುತ್ತಿತ್ತು. ಲಾರಿಗೆ ಕೆಂಪು, ಬಸ್ಸಿಗೆ ನೀಲಿ, ದ್ವಿಚಕ್ರಕ್ಕೆ ಹಳದಿ, ನಡೆಯುವವರಿಗೆ ಬಿಳಿ. ಪರಿಚಯದವರ ಕಾರ್ಖಾನೆಯೊಂದರ ತಾರಸಿಯ ಮೇಲೆ ಬಾಡಿಗೆಯ ವಿಡಿಯೋ ಕ್ಯಾಮೆರಾ ಇಟ್ಟು ಬೆಳಗಿನ ಓಡಾಟವನ್ನು ಚಿತ್ರಿಸಿಕೊಂಡೆವು. ಆಫೀಸಿನಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾ, ಲಾರಿ ಹೊರಡಲು ಎಷ್ಟು ಹೊತ್ತು, ಸ್ಕೂಟರ್ ಎಷ್ಟು ಸಂದಿನಲ್ಲಿ ನುಗ್ಗುತ್ತದೆ ಎಂದು ನಾನು ಬರೆದುಕೊಳ್ಳುತ್ತಿದ್ದೆ. ಪರದೆಯ ಚುಕ್ಕೆಗಳು ಮೊದಲ ಬಾರಿಗೆ ನಿಜವಾದ ಪೀಣ್ಯದಂತೆ ಒಂದಕ್ಕೊಂದು ಉಜ್ಜಿಕೊಂಡು ಹರಿದ ದಿನ ಹಿರೇಮಠ ಸಾರ್ ಕುರ್ಚಿ ಎಳೆದುಕೊಂಡು ಕೂತವರು ಊಟಕ್ಕೂ ಏಳಲಿಲ್ಲ. ಅಡ್ಡ ನಿಂತ ಕೆಂಪು ಚುಕ್ಕೆಯೊಂದನ್ನು ಉದ್ದೇಶಿಸಿ, ಏ ತಮ್ಮಾ, ಸ್ವಲ್ಪ ಆ ಕಡೆ ಸರಿಯೋ ಎಂದು ಬೈಯುತ್ತಿದ್ದರು. ಮುನಿರಾಜುವಿನ ತಲೆ ಮಾನಿಟರ್ ಹಿಂದೆ ಮಾಯವಾಗಿತ್ತು.

ಮುಂದಿನ ಹಂತಕ್ಕೆ ಕ್ಯಾಲಿಬ್ರೇಶನ್ ಎಂದು ಹೆಸರು. ಪರದೆಯಲ್ಲಿ ಕಾಣುವುದು ರಸ್ತೆಯಲ್ಲಿ ಕಂಡದ್ದಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸುವುದು. ಎಲ್ಲ ಕಡೆ ಹೊಂದಿತು, ಒಂದು ಕಡೆ ಬಿಟ್ಟು. ಆ ರಸ್ತೆ ಒಳಗೆ ಸ್ವಲ್ಪ ದೂರ ಹೋದ ಮೇಲೆ ಮಳೆನೀರಿನ ರಾಜಕಾಲುವೆಯ ಮೇಲೆ ಒಂದು ಹಳೆಯ ಸೇತುವೆ ಬರುತ್ತಿತ್ತು. ವಿಡಿಯೋದಲ್ಲಿ ಲಾರಿಗಳು ಅಲ್ಲಿ ತಡೆದು ನಿಲ್ಲುತ್ತಿದ್ದವು. ನಮ್ಮ ಪರದೆಯಲ್ಲಿ ಬೆಣ್ಣೆಯ ಮೇಲೆ ಜಾರಿದಂತೆ ದಾಟುತ್ತಿದ್ದವು. ಏನು ಕಾರಣ ಎಂದು ಹುಡುಕಿದರೆ, ಮುನಿರಾಜು ಸೇತುವೆಗೆ ಹಳೆಯ ನಕ್ಷೆಯ ಪೂರ್ತಿ ಅಗಲವನ್ನು ಕೊಟ್ಟಿದ್ದ. ಅಲ್ಲಿನ ಅಂಚು ಕುಸಿದಿತ್ತು, ತಳ್ಳುಗಾಡಿಗಳು ಕಾಯಂ ನಿಲ್ಲುತ್ತಿದ್ದವು. ಅಲ್ಲೇ ಹುಟ್ಟಿ ಬೆಳೆದವನಿಗೆ ಅದು ಗೊತ್ತಿಲ್ಲದೆ ಇರಲು ಸಾಧ್ಯವಿರಲಿಲ್ಲ. ಅನುಮಾನ ಬಂದು ಉಳಿದ ಕಡೆಯೂ ನೋಡಿದೆ. ನಾನು ಇಂತಿಷ್ಟೇ ಎಂದು ಖಚಿತವಾಗಿ ಕೊಡದೆ ಅವನ ವಿವೇಚನೆಗೆ ಬಿಟ್ಟಿದ್ದ ಕಡೆಯೆಲ್ಲ ಅವನು ರಸ್ತೆ ಅಗಲೀಕರಣಕ್ಕೆ ಅನುಕೂಲವಾಗುವ ಅಳತೆಯನ್ನೇ ಹಿಡಿದಿದ್ದ. ಅಂದರೆ, ತನ್ನ ಮನೆ ಬೀಳುವ ಕಡೆಗೆ.

ಯಾಕೆ ಹೀಗೆ ಎಂದು ಕೇಳಿದೆ. 

"ಸೇತುವೆ ಅಗಲ ಕಮ್ಮಿ ಹಾಕಿದ್ರೆ, ಮನೆ ಉಳಿಸ್ಕೊಳ್ಳೋಕೆ ಹಾಕ್ದ ಅಂತಾರೆ ಮೇಡಂ. ಅದಕ್ಕೆ."

"ಹಾಗಾದ್ರೆ ಇದೂ ನಿಮ್ಮನೆ ನೋಡ್ಕೊಂಡು ಹಾಕಿದ ಅಳತೆನೇ ಆಯ್ತಲ್ಲ ಮುನಿರಾಜು" ಎಂದೆ.

ಅವನ ಕಣ್ಣು ತುಂಬಿಬಂತು. ಗದರಿಸಬೇಕೆಂದು ನನಗೆ ಅನ್ನಿಸಲಿಲ್ಲ. ತಮ್ಮ ಕಡೆಗೆ ವಾಲಿಕೊಳ್ಳುವವರನ್ನು ನಾನು ನೋಡಿದ್ದೆ, ತನಗೆ ವಿರುದ್ಧವಾಗಿ ವಾಲಿದವನನ್ನು ನೋಡಿದ್ದು ಅದೇ ಮೊದಲು. ಆದರೆ ವಾಲಿದ ತಕ್ಕಡಿ ಯಾವ ಕಡೆ ವಾಲಿದರೂ ತಪ್ಪೇ ತೂಗುತ್ತದೆ. ಆ ರಸ್ತೆಯಲ್ಲಿ ಅವನ ಮನೆಯೊಂದೇ ಇರಲಿಲ್ಲ. ಅಕ್ಕಪಕ್ಕದಲ್ಲಿ ಇನ್ನೂ ಎಷ್ಟೋ ಮನೆಗಳಿದ್ದವು. ಅವನ ಸಂಕೋಚಕ್ಕೆ ಅವರೆಲ್ಲ ಯಾಕೆ ಮನೆ ಕಳೆದುಕೊಳ್ಳಬೇಕು? ವಿಷಯವನ್ನು ಹಿರೇಮಠ ಸಾರ್‌ಗೆ ತಿಳಿಸಿದೆ. ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ಸೇತುವೆಗೆ ಕರೆದುಕೊಂಡು ಹೋದರು. ಟೇಪಿನ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿಯನ್ನು ಮುನಿರಾಜು ಕೈಗೆ ಕೊಟ್ಟರು, ಓದುವುದಕ್ಕೆ ನನ್ನನ್ನು ನಿಲ್ಲಿಸಿದರು. ಹಿಂದೆ ಲಾರಿಯವರು ಹಾರ್ನ್ ಹೊಡೆಯುತ್ತಲೇ ಇದ್ದರು. ಸಾರ್ ಒಂದು ಕೈ ಎತ್ತಿ ಅವರನ್ನೆಲ್ಲ ತಡೆದು, ನಿಧಾನವಾಗಿ ಮೂರು ಕಡೆ ಅಳೆಸಿದರು.

ಸರಿಯಾದ ಅಳತೆ ಹಾಕಿ ಓಡಿಸಿದಾಗ ಚಿತ್ರ ಬದಲಾಯಿತು. ರಸ್ತೆ ಅಗಲ ಮಾಡಿದರೆ ವಾಹನಗಳು ಹೆದ್ದಾರಿಯಿಂದ ಬೇಗ ಒಳಗೆ ಬರುತ್ತಿದ್ದವು ನಿಜ. ಬಂದು ಸೇತುವೆಯ ಮುಂದೆ ಗುಂಪುಗೂಡುತ್ತಿದ್ದವು. ಆ ಸೇತುವೆ ಬೇರೆ ಇಲಾಖೆಗೆ ಸೇರಿದ್ದರಿಂದ ಯೋಜನೆಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ. ಎಷ್ಟು ಬೆಳಗು ಓಡಿಸಿದರೂ ಗುಂಪು ಜಾಗ ಬದಲಾಯಿಸಿತೇ ಹೊರತು ಕರಗಲಿಲ್ಲ. ಆಮೇಲೆ ನಾನು ಇನ್ನೊಂದು ಪ್ರಯೋಗ ಮಾಡಿದೆ. ರಸ್ತೆಯನ್ನು ಇದ್ದಂತೆಯೇ ಬಿಟ್ಟು, ಕಾರ್ಖಾನೆಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿನ ಪಾಳಿ ಸ್ವಲ್ಪ ಮುಂಚೆ, ಒಂದರದ್ದು ಯಥಾಪ್ರಕಾರ, ಇನ್ನೊಂದರದ್ದು ಸ್ವಲ್ಪ ತಡವಾಗಿ ಶುರುವಾಗುವಂತೆ ಮಾಡಿದೆ. ಚುಕ್ಕೆಗಳು ಸಲೀಸಾಗಿ ಹರಿದವು. ಮುನಿರಾಜು ಎದ್ದು ಹೊರಗೆ ಹೋದ. ಖುಷಿಪಡಲೂ ಅವನಿಗೆ ಹೆದರಿಕೆಯಾಗಿತ್ತು.

ಇಲಾಖೆಯವರ ಸಭೆ ಕಾರ್ಖಾನೆ ಮಾಲೀಕರ ಸಂಘದ ಹಾಲಿನಲ್ಲಿ ನಡೆಯಿತು. ಕಂಪ್ಯೂಟರನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಹೋಗಿದ್ದೆವು. ಪರದೆ ಹಚ್ಚುವ ಮೊದಲೇ ಹಿರೇಮಠ ಸಾರ್ ಎದ್ದು ನಿಂತು, ಈ ಪ್ರೋಗ್ರಾಂ ಬರೆದವರ ಸ್ವಂತ ಮನೆ ಈ ರಸ್ತೆಯಲ್ಲೇ ಇದೆ, ಅಗಲ ಮಾಡಿದರೆ ಅದು ಹೋಗುತ್ತದೆ ಎಂದು ತಿಳಿಸಿದರು. ಸಭೆಯಲ್ಲಿ ಗುಸುಗುಸು ಎದ್ದಿತು. ಮುಖ್ಯ ಎಂಜಿನಿಯರ್ ಕನ್ನಡಕ ತೆಗೆದು, ಹಾಗಿದ್ದರೆ ಇದನ್ನು ಹೇಗೆ ನಂಬುವುದು ಎಂದು ನೇರವಾಗಿ ಕೇಳಿದರು.

"ನಂಬಬ್ಯಾಡ್ರಿ" ಎಂದರು ಹಿರೇಮಠ ಸಾರ್. "ನೀವ ಬಂದು ಕುಂದರ್ರಿ. ನಿಮಗ ತಿಳಿದ ಅಳತಿ ಹಾಕ್ರಿ. ಏನ ಬರತೈತಿ ನೋಡೂಣು."

ಎದ್ದು ಬಂದವರು ಸಂಘದ ಕಾರ್ಯದರ್ಶಿ ಕೃಷ್ಣಮೂರ್ತಿ. ಯಂತ್ರದ ಬಿಡಿಭಾಗ ತಯಾರಿಸುವ ಘಟಕ ಅವರದು. ಲಾರಿಗಳು ತಡವಾಗಿ ರೋಸಿಹೋಗಿ, ರಸ್ತೆ ಅಗಲವಾಗಲೇಬೇಕೆಂದು ಓಡಾಡುತ್ತಿದ್ದವರು. ಮುನಿರಾಜು ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತ. ನಾನು ಪಕ್ಕದಲ್ಲಿ ನಿಂತು ಯಾವ ಅಂಕಿ ಎಲ್ಲಿ ಎಂದು ತೋರಿಸುತ್ತಾ ಹೋದೆ. ಕೃಷ್ಣಮೂರ್ತಿಯವರು ರಸ್ತೆಯನ್ನು ಇಲಾಖೆ ಹೇಳಿದಷ್ಟು ಅಗಲ ಮಾಡಿದರು, ಓಡಿಸಿದರು. ಇನ್ನೂ ಅಗಲ ಮಾಡಿದರು, ಓಡಿಸಿದರು. ಕೆಂಪು ಚುಕ್ಕೆಗಳು ಪ್ರತಿ ಸಲವೂ ಸೇತುವೆಯ ಮುಂದೆ ಬಂದು ಒಂದರ ಬೆನ್ನಿಗೊಂದು ನಿಂತವು.

"ಅಂದ್ರೆ ನಾವು ಅಲ್ಲಿಗೆ ಬೇಗ ಹೋಗಿ ನಿಂತ್ಕೋತೀವಿ, ಅಷ್ಟೇ ತಾನೇ?" ಎಂದರು. ಆಮೇಲೆ ನಾನು ಪಾಳಿ ಹಂಚಿದ ಬೆಳಗನ್ನು ಓಡಿಸಿ ತೋರಿಸಿದೆ.

ಎರಡು ವಾರ ಪಾಳಿಯ ಸಮಯ ಬದಲಾಯಿಸಿ ನೋಡುವುದೆಂದು ತೀರ್ಮಾನವಾಯಿತು. ಸುಧಾರಿಸದಿದ್ದರೆ ಅಗಲೀಕರಣದ ಕಡತ ಮುಂದೆ ಹೋಗುತ್ತದೆ ಎಂದು ಮುಖ್ಯ ಎಂಜಿನಿಯರ್ ಸ್ಪಷ್ಟವಾಗಿ ಹೇಳಿದರು. ಕಾರ್ಖಾನೆಯವರಿಗೆ ಇದೇನು ಸಣ್ಣ ಉಪಕಾರವಾಗಿರಲಿಲ್ಲ. ಕ್ಯಾಂಟೀನು, ಬಾಯ್ಲರು, ಕಾವಲಿನವರ ಪಾಳಿ ಎಲ್ಲವನ್ನೂ ಬದಲಾಯಿಸಬೇಕಿತ್ತು. ಕೃಷ್ಣಮೂರ್ತಿಯವರೇ ಬಾಗಿಲಿಂದ ಬಾಗಿಲಿಗೆ ಹೋಗಿ ಒಪ್ಪಿಸಿದರು.

ಪ್ರಯೋಗದ ಮೊದಲ ಬೆಳಗು ನಾನು ಜೀವಮಾನದಲ್ಲಿ ಮರೆಯಲಾರೆ. ರಸ್ತೆ ಹಿಂದೆಂದೂ ಕಟ್ಟದ ಹಾಗೆ ಕಟ್ಟಿಕೊಂಡಿತು. ವಾಹನಗಳ ಸಾಲು ಹೆದ್ದಾರಿಯವರೆಗೂ ಹೋಯಿತು. ತಡವಾಗಿ ಶುರುವಾಗಬೇಕಿದ್ದ ಕಾರ್ಖಾನೆಗಳ ಜನವೂ ಮಾಮೂಲಿ ಹೊತ್ತಿಗೇ ಬಂದಿದ್ದರು. ಗೇಟು ತೆರೆದಿರಲಿಲ್ಲ. ಕೆಲವರು ಮುನಿರಾಜು ಮನೆಯ ಬೇಲಿಗೆ ಒರಗಿ, ಹೊಂಗೆ ಮರದ ನೆರಳಲ್ಲಿ, ಉಳಿದವರು ರಸ್ತೆಯ ಮೇಲೆಯೇ ನಿಂತು ಕಾಯುತ್ತಿದ್ದರು. ಜನ ಸರಿಯದೆ ಬಸ್ಸುಗಳು ನಡುರಸ್ತೆಯಲ್ಲೇ ನಿಂತವು. ಕೃಷ್ಣಮೂರ್ತಿಯವರು ನಮ್ಮನ್ನು ನೋಡಿ ಮುಖ ತಿರುಗಿಸಿಕೊಂಡು ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಫೀಸಿಗೆ ಮರಳಿದ ಮೇಲೆ ಮುನಿರಾಜು ರಾಜೀನಾಮೆ ಕೊಡುತ್ತೇನೆ ಎಂದ. ತನ್ನಿಂದ ಸಾರ್ ಹೆಸರು ಹಾಳಾಗುತ್ತಿದೆ ಎಂಬುದು ಅವನ ದುಃಖ. ಹಿರೇಮಠ ಸಾರ್ ಅವನ ಬೆನ್ನ ಮೇಲೆ ಕೈ ಇಟ್ಟರು. "ತಪ್ಪು ಎಲ್ಲಿ ಆಗೈತಿ ಅಂತ ಮೊದಲ ಹುಡುಕೂಣು. ಹೆಸರಿಂದು ಆಮ್ಯಾಲೆ ನೋಡೂಣಂತ. ನನ್ನ ಹೆಸರು ಭಾಳ ಗಟ್ಟಿ ಐತಿ, ಹಂಗ ಲಗೂ ಮುರಿಯೂದಿಲ್ಲ" ಎಂದು ಅವನಿಗೆ ಚಹಾ ತರಿಸಿಕೊಟ್ಟರು.

ಜನ ಯಾಕೆ ಬೇಗ ಬಂದರು? ಪರದೆಯ ಮುಂದೆ ಕೂತು ಇದಕ್ಕೆ ಉತ್ತರ ಸಿಗುವುದಿಲ್ಲ ಎಂದು ನನಗೆ ಅನ್ನಿಸಿತು. ಮರುದಿನ ಬೆಳಿಗ್ಗೆ ರಾಜಗೋಪಾಲನಗರದ ಬಸ್ ಸ್ಟಾಪಿಗೆ ಹೋಗಿ, ಊಟದ ಡಬ್ಬಿ ಹಿಡಿದು ನಿಂತಿದ್ದ ಹೆಣ್ಣುಮಕ್ಕಳ ಜೊತೆ ನಾನೂ ನಿಂತೆ. ಅವರಲ್ಲಿ ಹಲವರಿಗೆ ಆ ವಾರ ಕೆಲಸ ತಡವಾಗಿ ಶುರು. ಆದರೂ ಅದೇ ಹಳೆಯ ಬಸ್ಸಿಗೆ ಬಂದಿದ್ದರು. ಮುಂದಿನ ಬಸ್ಸು ಬರುವಷ್ಟರಲ್ಲಿ ಹೊಸ ಸಮಯವೂ ಮೀರಿರುತ್ತದೆ, ನಡುವೆ ಬಸ್ಸೇ ಇಲ್ಲ ಎಂದು ಪಕ್ಕದಲ್ಲಿದ್ದಾಕೆ ಹೇಳಿದಳು. ಬಸ್ಸು ಬಂತು, ನಾನೂ ಹತ್ತಿದೆ. ಕಂಬಿ ಹಿಡಿಯಲೂ ಜಾಗವಿಲ್ಲದ ಆ ಬಸ್ಸಿನಲ್ಲಿ ಯಾರದೋ ಭುಜಕ್ಕೆ ಒರಗಿ ನಿಂತಿದ್ದಾಗ ನನಗೆ ನಮ್ಮ ಮಾದರಿಯ ಕೊರತೆ ಅರ್ಥವಾಯಿತು. ನಮ್ಮ ಬಿಳಿ ಚುಕ್ಕೆಗಳು ಪಾಳಿಯ ಹೊತ್ತಿಗೆ ಸರಿಯಾಗಿ ರಸ್ತೆಯ ಅಂಚಿನಲ್ಲಿ ಹುಟ್ಟುತ್ತಿದ್ದವು. ಅವು ಎಲ್ಲಿಂದ ಬಂದವು, ಯಾವುದರಲ್ಲಿ ಬಂದವು ಎಂದು ನಾವು ಕೇಳಿಯೇ ಇರಲಿಲ್ಲ. ಸೈರನ್ನಿನ ಸಮಯ ಬದಲಾಯಿಸಿ ಬಸ್ಸಿನ ಸಮಯ ಬಿಟ್ಟಿದ್ದೆವು.

ಅಲ್ಲಿಂದ ನೇರವಾಗಿ ಬಸ್ ಡಿಪೋಗೆ ಹೋದೆ. ಹಿರೇಮಠ ಸಾರ್ ಕೂಡ ಬಂದು ಸೇರಿಕೊಂಡರು. ಡಿಪೋ ಮ್ಯಾನೇಜರ್ ಸಮಾಧಾನದಿಂದ ಕೇಳಿಸಿಕೊಂಡರು. ಟ್ರಿಪ್ಪುಗಳ ಸಮಯ ಹಂಚಿ ಬದಲಾಯಿಸಬಹುದು, ಆದರೆ ಬಸ್ಸು ಆ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೆ ಮುಂದಿನ ಟ್ರಿಪ್ಪು ತಪ್ಪುತ್ತದೆ, ರಸ್ತೆಯಿಂದ ಪಕ್ಕಕ್ಕೆ ಸರಿದು ಜನರನ್ನು ಇಳಿಸಲು ಒಂದು ಜಾಗ ಕೊಡಿಸಿ, ಆಮೇಲೆ ನನ್ನ ಜವಾಬ್ದಾರಿ ಎಂದರು. ನ್ಯಾಯವಾದ ಮಾತಾಗಿತ್ತು.

ಮುನಿರಾಜು ಪ್ರೋಗ್ರಾಮಿಗೆ ಬಸ್ಸಿನ ವೇಳಾಪಟ್ಟಿ ಸೇರಿಸಿದ. ಈಗ ಬಿಳಿ ಚುಕ್ಕೆಗಳು ಬಸ್ಸಿನಿಂದಲೇ ಇಳಿದವು. ಬಸ್ಸು ನಿಲ್ಲುವ ಜಾಗವನ್ನು ಮೂರು ಕಡೆ ಇಟ್ಟು ನೋಡಿದೆವು. ಹೆದ್ದಾರಿಯ ತಿರುವಿನ ಬಳಿ ಇಟ್ಟರೆ ಲಾರಿಗಳು ಅಡ್ಡವಾದವು. ಸೇತುವೆಯ ಬಳಿ ಇಟ್ಟರೆ ಇಳಿದವರಿಗೆ ಕಾಲಿಡಲು ನೆಲವಿರಲಿಲ್ಲ. ಮೂರನೆಯದು ಎಲ್ಲ ರೀತಿಯಲ್ಲೂ ಸರಿಹೋಯಿತು. ಅದು ಮುನಿರಾಜು ಮನೆಯ ಅಂಗಳ.

 ಅವನು ದಾಳ ಬದಲಾಯಿಸಿ ಮತ್ತೆ ಓಡಿಸಿದ. ಮತ್ತೆ ಓಡಿಸಿದ. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

"ಇನ್ನೆಷ್ಟು ಬೆಳಗು ಓಡ್ಸಿದ್ರೂ ಇದೇ ಬರುತ್ತೆ ಮೇಡಂ. ನಮ್ಮಮ್ಮನ್ನ ನೀವೇ ಬಂದು ಕೇಳಿ. ನಾನ್ ಕೇಳಿದ್ರೆ ಅವರು ಇಲ್ಲ ಅನ್ನಲ್ಲ. ಹಂಗೆ ಒಪ್ಪಿಸೋದು ಬೇಡ."

ಆ ಸಂಜೆ ಮೂವರೂ ಅವನ ಮನೆಗೆ ಹೋದೆವು. ಅವನ ತಾಯಿ ಅಕ್ಕಯ್ಯಮ್ಮನವರು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಗಂಡ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವರದೇ. ಮೈಮೇಲಿದ್ದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಮಗೆಲ್ಲ ನೀರುಮಜ್ಜಿಗೆ ಕೊಟ್ಟು, ಬಂದ ಕೆಲಸವೇನೆಂದು ಕೇಳಿದರು. ಹಿರೇಮಠ ಸಾರ್ ಏನನ್ನೂ ಮುಚ್ಚಿಡದೆ ಹೇಳಿದರು. ಅಂಗಳ ಬೇಕು, ಮನೆ ಬೇಡ. ಮುಂಭಾಗದ ಬೇಲಿ ತೆಗೆಯಬೇಕು, ಬಸ್ಸು ಒಳಗೆ ಬಂದು ಹೋಗುತ್ತದೆ, ಮರಕ್ಕೆ ತೊಂದರೆಯಿಲ್ಲ. ಮೊದಲು ಈ ಎರಡು ವಾರಕ್ಕೆ. ಸರಿಹೋದರೆ ಇಲಾಖೆ ಕಾಯಂ ಆಗಿ ಕೇಳುತ್ತದೆ.

ಅಕ್ಕಯ್ಯಮ್ಮನವರು ಅಂಗಳದ ಕಡೆ ನೋಡಿದರು. ಮಗಳ ಮದುವೆ ನಿಶ್ಚಯವಾಗಿತ್ತು. ಆ ಮನೆಯ ಮದುವೆಯ ಚಪ್ಪರಗಳೆಲ್ಲ ಅಲ್ಲೇ ಎದ್ದವಂತೆ. ಅವರ ಮದುವೆಯದ್ದೂ ಕೂಡ.

"ಜಾಗ ಕೊಟ್ರೆ ಮನೆ ಉಳೀತದಾ ಸ್ವಾಮಿ?" ಎಂದು ಕೇಳಿದರು.

ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಹಿರೇಮಠ ಸಾರ್ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು.

"ಈಗ ಉಳೀತೈತಿ ತಾಯಿ. ಮುಂದ ಹತ್ತು ವರ್ಷಕ್ಕ ಯಾರು ಯಾವ ನಕ್ಷೆ ಬರೀತಾರೋ, ಅದನ್ನ ನಾ ಹ್ಯಾಂಗ ಹೇಳ್ಲಿ?"

ಆಕೆ ಎದ್ದು ಒಳಗೆ ಹೋದರು. ಮುನಿರಾಜು ನೆಲ ನೋಡುತ್ತಾ ಕೂತಿದ್ದ. ಒಳಗೆ ಮಗಳ ಜೊತೆ ಮೆಲ್ಲಗೆ ಮಾತಾಡುತ್ತಿದ್ದುದು ಕೇಳುತ್ತಿತ್ತು, ಮಾತು ಮಾತ್ರ ಬಿಡಿಸಿ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂದು ಬಾಗಿಲಿಗೆ ಕೈಯೂರಿ ನಿಂತರು.

"ಸುಳ್ಳೇಳಿ ಒಪ್ಪುಸ್ಲಿಲ್ವಲ್ಲ, ಅದೇ ಸಾಕು. ಆ ಎಣ್ಮಕ್ಳು ದಿನಾ ಲಾರಿ ನಡುವೆ ನಿಂತಿರ್ತವೆ, ನೋಡಕಾಗಕಿಲ್ಲ. ಚಪ್ಪರಾನ ಇಂದ್ಗಡೆ ಆಕ್ಕತೀವಿ ಬುಡಿ."

ಮರುದಿನವೇ ಮುನಿರಾಜು ಮತ್ತು ಅವನ ಚಿಕ್ಕಪ್ಪನ ಮಕ್ಕಳು ಹಾರೆ ಹಿಡಿದು ಕಲ್ಲುಚಪ್ಪಡಿಗಳನ್ನು ಒಂದೊಂದಾಗಿ ಕಿತ್ತು ಮನೆಯ ಹಿಂದೆ ಜೋಡಿಸಿಟ್ಟರು. ತಪ್ಪು ಎಲ್ಲಿ ಆಯಿತೆಂದು ತಿಳಿದ ಕೃಷ್ಣಮೂರ್ತಿಯವರು ತಾವೇ ಒಂದು ಲೋಡು ಜಲ್ಲಿ ಕಳಿಸಿ ನೆಲ ಗಟ್ಟಿ ಮಾಡಿಸಿದರು. ಡಿಪೋದವರು ಮಾತಿನಂತೆ ಟ್ರಿಪ್ಪುಗಳನ್ನು ಹಂಚಿದರು.

ಎರಡನೆಯ ವಾರದ ಮೊದಲ ಬೆಳಗು. ಮೊದಲ ಬಸ್ಸು ಹೆದ್ದಾರಿಯಿಂದ ತಿರುಗಿ ಬಂದು, ಸ್ವಲ್ಪ ಅನುಮಾನಿಸಿ, ಅಂಗಳದೊಳಕ್ಕೆ ಸರಿಯಿತು. ಜನ ಇಳಿದು ಬದಿಯಲ್ಲೇ ನಡೆದು ಹೋದರು. ಹಿಂದಿದ್ದ ಲಾರಿ ನಿಲ್ಲದೆ ಮುಂದೆ ಸಾಗಿತು. ಆಮೇಲಿನ ಬಸ್ಸು ಬಂದದ್ದು ಆ ಗುಂಪು ಚದುರಿದ ಮೇಲೆ. ಜಗಲಿಯ ಮೇಲೆ ಅಕ್ಕಯ್ಯಮ್ಮನವರ ಪಕ್ಕದಲ್ಲಿ ಕೂತು ನಾನು ಹೆದ್ದಾರಿಯ ಕಡೆ ನೋಡುತ್ತಿದ್ದೆ, ಸಾಲು ಯಾವಾಗ ಬೆಳೆಯುತ್ತದೋ ಎಂದು. ಸಾಲು ಇತ್ತು, ಪವಾಡವೇನೂ ನಡೆಯಲಿಲ್ಲ. ಸೇತುವೆಯ ಬಳಿ ಲಾರಿಗಳು ಎಂದಿನಂತೆ ತಿಣುಕುತ್ತಿದ್ದವು. ಆದರೆ ನಿಂತ ಸಾಲು ಕರಗುತ್ತಿತ್ತು. ಹೆದ್ದಾರಿಯವರೆಗೆ ಒಮ್ಮೆಯೂ ಹೋಗಲಿಲ್ಲ. ಸೈರನ್ನುಗಳು ಒಂದಾದ ಮೇಲೊಂದು ಕೂಗಿದವು. ಮುನಿರಾಜು ರಸ್ತೆಯ ಆಚೆ ಬದಿಯಲ್ಲಿ ನಿಂತು, ತಾನು ಬರೆದ ಚುಕ್ಕೆಗಳನ್ನು ನೋಡುವ ಹಾಗೆಯೇ ಜನರನ್ನು ನೋಡುತ್ತಿದ್ದ. ಈ ಸಲ ಮುಖ ಅಡಗಿಸಲು ಅವನಿಗೆ ಮಾನಿಟರ್ ಇರಲಿಲ್ಲ.

ವಾರದ ಕೊನೆಯಲ್ಲಿ ಮುಖ್ಯ ಎಂಜಿನಿಯರ್ ತಾವೇ ಬಂದು ನೋಡಿದರು. ಅಗಲೀಕರಣವನ್ನು ಸದ್ಯಕ್ಕೆ ಕೈಬಿಟ್ಟು, ಸೇತುವೆಯ ವಿಷಯವನ್ನು ಸಂಬಂಧಪಟ್ಟ ಇಲಾಖೆಗೆ ಬರೆಯುವುದೆಂದು ತೀರ್ಮಾನವಾಯಿತು. ಅಂಗಳ ಕಾಯಂ ಬಸ್ ನಿಲ್ದಾಣವಾಯಿತು. ಮಗಳ ಮದುವೆಗೆ ಹಿತ್ತಿಲಲ್ಲೇ ಚಪ್ಪರ ಹಾಕಿದರು. ನಾವೆಲ್ಲ ಹೋಗಿದ್ದೆವು, ಕೃಷ್ಣಮೂರ್ತಿಯವರೂ ಬಂದಿದ್ದರು. ಹಿರೇಮಠ ಸಾರ್ ಒಬ್ಬಟ್ಟನ್ನು ಹೋಳಿಗೆ ಎಂದೇ ಕರೆಯಬೇಕೆಂದು ಬಡಿಸುವವರ ಜೊತೆ ವಾದ ಮಾಡುತ್ತಾ ಒಂದರ ಮೇಲೊಂದು ಹಾಕಿಸಿಕೊಂಡರು.

ಅವರು ಈಗಿಲ್ಲ. ಮುನಿರಾಜು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಸೇರಿ, ಅಲ್ಲಿ ದೊಡ್ಡ ಹುದ್ದೆಗೇರಿ, ಈಗ ಅವನೂ ನಿವೃತ್ತಿಯ ಹೊಸ್ತಿಲಲ್ಲಿದ್ದಾನೆ. ಸೇತುವೆ ಬಹಳ ವರ್ಷಗಳ ಮೇಲೆ ಅಗಲವಾಯಿತು. ಆಮೇಲೆ ಮೇಲ್ಸೇತುವೆ ಬಂತು, ಮೆಟ್ರೋ ಬಂತು, ನಾವು ಲೆಕ್ಕ ಹಾಕಿದ ಆ ರಸ್ತೆ ಗುರುತು ಸಿಗದಷ್ಟು ಬದಲಾಯಿತು. ಅದಕ್ಕೆ ನನಗೆ ಬೇಸರವಿಲ್ಲ. ರಸ್ತೆಯ ಲೆಕ್ಕಕ್ಕೆ ಆಯುಷ್ಯ ಕಡಿಮೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ರಸ್ತೆಯ ನಕಲು ಕಟ್ಟುವವರು ರಸ್ತೆಯ ಹೊರಗೆ ನಿಂತು ಕಟ್ಟುತ್ತೇವೆ ಎಂದುಕೊಳ್ಳುತ್ತೇವೆ. ಹಾಗೆ ಯಾರೂ ನಿಂತಿರುವುದಿಲ್ಲ. ಒಬ್ಬರ ಮನೆ ಅಲ್ಲಿರುತ್ತದೆ, ಒಬ್ಬರ ಲಾರಿ ಅಲ್ಲಿ ಸಿಕ್ಕಿಕೊಂಡಿರುತ್ತದೆ, ಆ ದಾರಿಯ ಬಸ್ಸನ್ನೇ ಹತ್ತದ ನನ್ನಂಥವಳು ಇನ್ನೆಲ್ಲೋ ಇರುತ್ತಾಳೆ. ಇದನ್ನು ಅಡಗಿಸಿದರೂ ಲೆಕ್ಕ ಕೆಡುತ್ತದೆ, ಇದಕ್ಕೆ ನಾಚಿ ಹಿಂದೆ ಸರಿದರೂ ಲೆಕ್ಕ ಕೆಡುತ್ತದೆ. ಮುಂದೆ ನನ್ನದೇ ತಂಡ ಕಟ್ಟಿದಾಗ, ಪ್ರತಿ ವರದಿಯ ಮೊದಲ ಪುಟದಲ್ಲಿ ಒಂದು ಪ್ಯಾರಾ ಬರೆಸುತ್ತಿದ್ದೆ: ನಮ್ಮಲ್ಲಿ ಯಾರ ಮನೆ ಎಲ್ಲಿದೆ, ಈ ರಸ್ತೆಯಲ್ಲಿ ಯಾರು ಹೇಗೆ ಓಡಾಡುತ್ತೇವೆ, ಯಾರು ಓಡಾಡುವುದೇ ಇಲ್ಲ. ಇದೇಕೆ ಬೇಕು ಎಂದು ಕೆಲವು ಅಧಿಕಾರಿಗಳು ನಕ್ಕು ಅದರ ಮೇಲೆ ಗೆರೆ ಎಳೆದು ಹಿಂದಕ್ಕೆ ಕಳಿಸುತ್ತಿದ್ದರು. ಮುಂದಿನ ವರದಿಯಲ್ಲಿ ನಾನು ಅದನ್ನು ಮತ್ತೆ ಬರೆಸುತ್ತಿದ್ದೆ.